ಸಬ್ಬಸಿಗೆ ಯಾರಿಗೆ?

ನೀರಿನ ತೊಟ್ಟಿಯ ಹಿಂದೆ ಸಬ್ಬಸಿಗೆ ಸೊಪ್ಪು ಬೆಳೆದಿದ್ದನ್ನು ಕಂಡಾಗ ನನಗೆ ಮೊದಲು ಬಂದ ಯೋಚನೆ, ಇದರ ಹಿಂದೆ ಯಾವಳೋ ಇದ್ದಾಳೆ ಎಂದು. ನಗಬೇಡಿ. ನಮ್ಮ ಮನೆಯ ಚರಿತ್ರೆ ಗೊತ್ತಿದ್ದರೆ ನೀವೂ ಹಾಗೇ ಯೋಚಿಸುತ್ತಿದ್ದಿರಿ.

ನಮ್ಮವರಿಗೆ ಸಬ್ಬಸಿಗೆ ಆಗುವುದಿಲ್ಲ. ಬೇರೆಯವರಿಗೆ ಹಾಗಲಕಾಯಿ ಆಗುವುದಿಲ್ಲವಲ್ಲ, ಅಷ್ಟಕ್ಕೇ ಮುಗಿಯುವ ಮಾತಲ್ಲ ಇದು. ಮದುವೆಯಾದ ಹೊಸದರಲ್ಲಿ ನಾನು ಆಸೆಪಟ್ಟು ಆಲೂಗಡ್ಡೆಗೆ ಒಂದು ಹಿಡಿ ಸಬ್ಬಸಿಗೆ ಹಾಕಿ ಬೇಯಿಸಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮನುಷ್ಯ ಅದನ್ನೇ ಮತ್ತೆ ಮೆಟ್ಟಿಕೊಂಡು ಬೀದಿಗಿಳಿದರು. 'ಏನು ನಾತ, ಕಿಟಕಿ ತೆಗಿ' ಎಂದು ಅಲ್ಲಿಂದಲೇ ಹೇಳಿದರು. ಕಿಟಕಿಗಳನ್ನೆಲ್ಲ ತೆಗೆದೆ. ಅವತ್ತಿನಿಂದ ಆ ಸೊಪ್ಪು ನಮ್ಮ ಹೊಸಿಲು ದಾಟಿರಲಿಲ್ಲ. ನನ್ನ ಅಮ್ಮನ ಹಿತ್ತಲಲ್ಲಿ ಅದು ಹುಲ್ಲಿನ ಹಾಗೆ ಬೆಳೆಯುತ್ತಿತ್ತು, ದಿನ ಬಿಟ್ಟು ದಿನ ಅದೇ ಊಟ, ನನಗೆ ಪ್ರಾಣ. ಗಂಡನಿಗಾಗಿ ಬಿಟ್ಟೆ. ಆ ವ್ಯಾಪಾರದಲ್ಲಿ ನನಗೇ ಟೋಪಿ ಬಿತ್ತು ಅಂತ ಎಷ್ಟೋ ಸಲ ಅನ್ನಿಸಿದ್ದುಂಟು.

ಆದರೆ ಜಗಳ ತೆಗೆಯುವ ಹಾಗಿರಲಿಲ್ಲ, ಯಾಕೆಂದರೆ ಆ ಮೂಗೇ ನಮ್ಮ ಮನೆಗೆ ಅನ್ನ ಹಾಕುತ್ತಿತ್ತು. ಅವರಿಗೆ ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಬೆರೆಸುವ ಕೆಲಸ. ಅಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮಾಲೀಕರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವರು 'ಮೂಗು'. ಮೂಗು ಒಪ್ಪಿದರೆ ಸರಕು ಹೊರಗೆ ಹೋಗುತ್ತದೆ, ಮೂಗು ಮುರಿದರೆ ಇಡೀ ಕೊಪ್ಪರಿಗೆ ಮೋರಿಗೆ. ಆ ಗತ್ತು ಮನೆಗೂ ಬರುತ್ತಿತ್ತು. ಸಾರಿಗೆ ಹಾಕಿದ ಮೆಣಸು ಹೋದ ತಿಂಗಳದ್ದೋ ಈ ತಿಂಗಳದ್ದೋ ಎಂದು ಬಾಗಿಲಲ್ಲೇ ಹೇಳಿಬಿಡುತ್ತಿದ್ದರು.

ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ಅನುಮಾನ ನನ್ನ ಹುಟ್ಟುಗುಣ, ಹೊಲಿಗೆ ಅದನ್ನು ಇನ್ನಷ್ಟು ಬೆಳೆಸಿತು. ಬಂದವರು 'ಅಳತೆ ಹಳೆಯದೇ' ಎಂದರೂ ನಾನು ಟೇಪು ಹಿಡಿಯುತ್ತೇನೆ, ಹಿಡಿದಾಗ ಒಮ್ಮೆಯೂ ಹಳೆಯದೇ ಇದ್ದದ್ದಿಲ್ಲ.

ಹಿತ್ತಲೂ ನನ್ನದೇ. ಅಡುಗೆಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಒಂದು ಪಟ್ಟಿ ಜಾಗ. ಅದರಲ್ಲಿ ಕೊತ್ತಂಬರಿ, ಪಾಲಕ್, ಒಂದು ಸಾಲು ಕ್ಯಾರೆಟ್. ತೊಟ್ಟಿಯ ಹಿಂದೆ ಒಡಕು ಬಕೆಟ್ಟುಗಳು ಬಿದ್ದಿರುತ್ತವೆ, ಅಲ್ಲಿಗೆ ನಾನು ಹೋಗುವುದು ಅಪರೂಪ. ಅವತ್ತು ಗಾಳಿಗೆ ಹಾರಿದ ಕರವಸ್ತ್ರ ಹುಡುಕಿಕೊಂಡು ಹೋದೆ. ಹಳೆಯ ಬಣ್ಣದ ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದರಲ್ಲಿ ಆಗತಾನೆ ಮೊಳೆತ, ನೂಲಿನಷ್ಟು ಸಣ್ಣ ಎಲೆಗಳು. ಇನ್ನೊಂದರಲ್ಲಿ ಗೇಣುದ್ದ. ಮತ್ತೊಂದರಲ್ಲಿ ಕೊಯ್ಯಲು ಬಂದ ಸೊಪ್ಪು, ಅದರ ಹೊರಗಿನ ಕಡ್ಡಿಗಳನ್ನು ಉಗುರಿನಿಂದ ಚಿವುಟಿದ ಗುರುತು ಹಸಿಯಾಗಿತ್ತು. ತಾನಾಗಿ ಬಿದ್ದ ಬೀಜ ಹೀಗೆ ಹುಟ್ಟುವುದಿಲ್ಲ. ಸಬ್ಬಸಿಗೆಯನ್ನು ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ, ಬಿತ್ತಿದಲ್ಲೇ ಬೆಳೆಯಬೇಕು. ಅದನ್ನು ತಿಳಿದವರು, ಎಳೆಯ ಸೊಪ್ಪು ಒಂದು ದಿನವೂ ತಪ್ಪಬಾರದು ಎಂದು ಬಿಟ್ಟು ಬಿಟ್ಟು ಬಿತ್ತಿದ್ದರು. ಅಷ್ಟು ಕಾಳಜಿ ನನಗಾಗಿ ಯಾರೂ ಮಾಡಿದ್ದು ನೆನಪಿಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯ ಪರದೆ ಸರಿಸಿ ನಿಂತೆ. ನಮ್ಮವರು ಚೊಂಬು ಹಿಡಿದು ಕಳ್ಳಹೆಜ್ಜೆ ಇಟ್ಟು ಬಂದರು. ಡಬ್ಬಿಗಳಿಗೆ ನೀರು ಹಾಕಿದರು, ಒಂದು ಮುಷ್ಟಿ ಸೊಪ್ಪು ಚಿವುಟಿದರು, ಕಾಗದದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಇಳಿಸಿದರು. ಆ ಜೇಬು ಹೊಲಿದವಳು ನಾನು.

ಪಕ್ಕದ ಮನೆಯಾಕೆಯನ್ನು ಬೀದಿಯವರೆಲ್ಲ 'ವಾರ್ತೆ' ಎನ್ನುತ್ತಾರೆ. ಅವಳ ಹತ್ತಿರ ಇದು ನನ್ನ ಮನೆಯ ಮಾತೆಂದು ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಬಿತ್ತರವಾಗುತ್ತದೆ. ಹಾಗಾಗಿ, ಯಾರೋ ಒಬ್ಬರ ಗಂಡ ದಿನಾ ಬೆಳಗ್ಗೆ ಹೆಂಡತಿಗೆ ಹೇಳದೆ ಸಬ್ಬಸಿಗೆ ತೆಗೆದುಕೊಂಡು ಹೋಗುತ್ತಾನಂತೆ, ಯಾಕಿರಬಹುದು ಎಂದು ತೇಲಿಸಿ ಕೇಳಿದೆ. ಅವಳು ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು.

"ಇನ್ಯಾಕೆ? ಯಾವಳೋ ಬಾಣಂತಿಗೆ ಇರ್ಬೇಕು. ಹಾಲು ಚೆನ್ನಾಗಿ ಇಳೀಲಿ ಅಂತ ಅದನ್ನೇ ಅಲ್ವಾ ತಿನ್ಸೋದು. ಪಾಪ, ಆ ಹೆಂಡ್ತಿ."

ಆಮೇಲೆ ಯಂತ್ರದ ಮುಂದೆ ಕೂತರೂ ಸೂಜಿಗೆ ದಾರ ಹೋಗಲಿಲ್ಲ. ಒಂದೊಂದೇ ಸಂಗತಿ ತಾನಾಗಿ ಬಂದು ಸಾಲಿನಲ್ಲಿ ನಿಂತಿತು. ಚಳಿಗಾಲದಲ್ಲಿ ಅವರಿಗೆ ಬಂದಿದ್ದ ಜ್ವರ ಬಿಟ್ಟ ಮೇಲೆ ಮನುಷ್ಯ ಬದಲಾಗಿದ್ದರು. ಏನು ಬಡಿಸಿದರೂ 'ಚೆನ್ನಾಗಿದೆ'. ಮೆಣಸಿನ ವಯಸ್ಸು ಕೇಳುವುದು ನಿಂತಿತ್ತು. ಒಂದು ದಿನ ಹಾಲು ಉಕ್ಕಿ ತಳ ಹಿಡಿದು ಕರಿಯಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರು. ಮನಸ್ಸು ಎಲ್ಲೋ ಇದೆ ಎಂದುಕೊಂಡಿದ್ದೆ. ಎಲ್ಲಿದೆ ಎಂದು ಈಗ ಗೊತ್ತಾಯಿತು. ಹುಳುಕು ಹುಡುಕುವ ಗಂಡ ಏಕಾಏಕಿ ಸಂತನಾದರೆ ಹೆಂಡತಿ ಎಚ್ಚರಗೊಳ್ಳಬೇಕಿತ್ತು.

ಬಾಣಂತಿಯೂ ಸಿಕ್ಕಳು. ಅವರ ಸಹಾಯಕಿ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದಳು. ಅವಳಿಲ್ಲದಿದ್ದರೆ ನನ್ನ ಕೈಯೇ ಆಡುವುದಿಲ್ಲ ಎಂದು ಇವರೇ ಊಟದ ಹೊತ್ತಿಗೆ ಹೇಳಿದ್ದರು, ನಾನು ಪೆದ್ದಿಯಂತೆ ತಲೆಯಾಡಿಸಿ ಇನ್ನೊಂದು ಸೌಟು ಬಡಿಸಿದ್ದೆ.

ಮರುದಿನ ಅವರ ಕನ್ನಡಕವನ್ನು ನಾನೇ ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟೆ. ಹುಡುಕಿ ಸಾಕಾಗಿ ಹಾಗೇ ಹೋದರು. ಮಧ್ಯಾಹ್ನ ಅದನ್ನು ಹಿಡಿದು ಕಾರ್ಖಾನೆಗೆ ಹೊರಟೆ. ಗೇಟಿನವನು ಗುರುತು ಹಿಡಿದು ಒಳಗೆ ಬಿಟ್ಟ. ಸೋಪು ಕತ್ತರಿಸುವ ಯಂತ್ರಗಳನ್ನು ದಾಟಿದರೆ ಕೊನೆಯಲ್ಲಿ ಅವರ ಕೋಣೆ. ಗೋಡೆ ತುಂಬ ಕಂದು ಸೀಸೆಗಳು, ಮೇಜಿನ ಮೇಲೆ ಪರಿಮಳದಲ್ಲಿ ಅದ್ದಿದ ಕಾಗದದ ಪಟ್ಟಿಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಟ್ಟಿದ್ದರು. ಸಹಾಯಕಿ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು. ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಡಬ್ಬಿಯನ್ನು. ಅನ್ನ, ಮೊಟ್ಟೆ. ಸಬ್ಬಸಿಗೆ ಇರಲಿಲ್ಲ. ತಿಂದು ಮುಗಿಸಿರಬೇಕು ಎಂದುಕೊಂಡೆ.

ಸಾಹೇಬರೆಲ್ಲಿ ಎಂದಾಗ ಅವಳ ಮುಖ ಬಿಳಿಚಿತು. ತಾರಸಿಗೆ ಹೋಗಿದ್ದಾರೆ, ಕನ್ನಡಕ ನಾನೇ ಕೊಡುತ್ತೇನೆ ಎಂದಳು. ನಾನು ಮೆಟ್ಟಿಲಿನ ಕಡೆ ತಿರುಗಿದೆ. ಅವಳು ಎದ್ದು ಬಂದು ಅಡ್ಡ ನಿಂತಳು.

"ಮೇಲೆ ಹೋಗ್ಬೇಡಿ ಅಮ್ಮ. ಈ ಹೊತ್ತಲ್ಲಿ ಯಾರೂ ಬರೋದು ಅವರಿಗೆ ಇಷ್ಟ ಆಗಲ್ಲ."

ಹೀಗೆಂದ ಮೇಲೆ ಹೋಗದೆ ಇರಲು ನಾನೇನು ಸನ್ಯಾಸಿನಿಯೇ? ಅವಳನ್ನು ಸರಿಸಿ ಹತ್ತಿದೆ.

ತಾರಸಿಯಲ್ಲಿ ನಮ್ಮವರು ಕವುಚಿ ಹಾಕಿದ ಡ್ರಮ್ಮಿನ ಮೇಲೆ ಒಬ್ಬರೇ ಕೂತಿದ್ದರು, ಬೆನ್ನು ನನ್ನ ಕಡೆ. ತೊಡೆಯ ಮೇಲೆ ಕಾಗದ ಬಿಚ್ಚಿತ್ತು. ಸೊಪ್ಪನ್ನು ಎರಡು ಅಂಗೈ ನಡುವೆ ಹೊಸಕಿದರು, ಮುಖ ತೊಳೆಯುವವರಂತೆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಉಸಿರೆಳೆದರು. ಕೈ ತೆಗೆದು ಅಂಗೈ ನೋಡಿದರು. ಇನ್ನಷ್ಟು ಸೊಪ್ಪು ಹೊಸಕಿದರು, ಮತ್ತೆ ಎಳೆದರು. ಅಷ್ಟು ದೂರದಲ್ಲಿ ಮೆಟ್ಟಿಲ ಮೇಲೆ ನಿಂತ ನನಗೇ ಘಾಟು ಬಂದು ಬಡಿಯಿತು, ಅಮ್ಮನ ಹಿತ್ತಲು ಕಣ್ಣ ಮುಂದೆ ಬಂದು ನಿಂತಿತು. ಅದನ್ನೇ ಮುಖಕ್ಕೆ ಮೆತ್ತಿಕೊಂಡ ಮನುಷ್ಯ ಮುಖ ಸಿಂಡರಿಸಲೂ ಇಲ್ಲ.

ಹಾಲು ಹೊತ್ತಿದ್ದು, 'ಚೆನ್ನಾಗಿದೆ' ಎಂದಿದ್ದು, ಎಲ್ಲ ಆಗ ಅರ್ಥವಾಯಿತು. ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು. ಯಾವಳೂ ಇಲ್ಲ. ಆ ಖುಷಿಗೆ ನನ್ನ ಮೇಲೇ ಅಸಹ್ಯವಾಯಿತು. ಆಮೇಲೆ ಭಯ ಬಂತು, ಬಂದದ್ದು ಹೋಗಲಿಲ್ಲ. ಸದ್ದಾಗದ ಹಾಗೆ ಕೆಳಗಿಳಿದೆ.

ಸಹಾಯಕಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಜ್ವರ ಬಂದಾಗಿನಿಂದ ಸಾಹೇಬರಿಗೆ ಯಾವ ವಾಸನೆಯೂ ತಿಳಿಯುತ್ತಿಲ್ಲವೆಂದೂ, ತಾನೇ ಮೊದಲು ಮೂಸಿ ಒಳ್ಳೆಯ ಪಟ್ಟಿಯನ್ನು ಅವರ ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಇಡುತ್ತಿದ್ದೇನೆಂದೂ ಹೇಳಿದಳು. ಆದರೆ ಹೊಸ ಸೋಪಿನ ಪರೀಕ್ಷೆ ಹತ್ತಿರ ಬಂದಿತ್ತು. ಅವತ್ತು ಮಾಲೀಕರ ಎದುರು ಮೂಗು ಒಂಟಿಯಾಗಿ ಕೂರಬೇಕು. ತಪ್ಪಿದರೆ ಅವರ ಕೆಲಸವೂ ಹೋಗುತ್ತದೆ, ಮುಚ್ಚಿಟ್ಟಿದ್ದಕ್ಕೆ ಇವಳದೂ ಹೋಗುತ್ತದೆ. ಮನೆಯಲ್ಲಿ ಎಳೆಗೂಸು. ಇಂಥವಳ ಊಟದ ಡಬ್ಬಿ ಇಣುಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಸಂಜೆ ಅವರು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಕೇಳಿದೆ.

"ರೀ, ಆ ಸಬ್ಬಸಿಗೆ ಯಾರಿಗೆ?"

ಸುಳ್ಳು ಹುಡುಕಿದರು, ಸಿಗಲಿಲ್ಲ. ಮಣೆಯ ಮೇಲೆ ಕೂತು, 'ನನಗೇ' ಎಂದರು. ಡಾಕ್ಟರು, ವಾಸನೆ ಬಂದರೆ ತಾನಾಗಿ ಬರುತ್ತದೆ, ಬರದೆಯೂ ಇರಬಹುದು, ದಿನಾ ಏನಾದರೂ ಮೂಸುತ್ತಿರಿ ಎಂದಿದ್ದರಂತೆ. ಸೀಸೆಗಳಲ್ಲಿ ಗುಲಾಬಿ, ನಿಂಬೆ ಎಲ್ಲ ಇರುವಾಗ ಈ ದರಿದ್ರ ಸೊಪ್ಪೇ ಯಾಕೆ ಎಂದು ಕೇಳಿದೆ.

"ಗುಲಾಬಿ ಮೂಸಿದ್ರೆ ಬಂದ ಹಾಗೇ ಇರುತ್ತೆ ಕಣೇ. ಇಷ್ಟವಾದ ವಾಸನೆ ಮನಸ್ಸೇ ತಂದ್ಕೊಟ್ಟು ಮೋಸ ಮಾಡುತ್ತೆ. ಸಬ್ಬಸಿಗೆ ಹಾಗಲ್ಲ. ಅದನ್ನ ನನ್ನ ಮನಸ್ಸು ಯಾವತ್ತೂ ತಾನಾಗಿ ಕರೆಯಲ್ಲ. ಅದು ಬಂದ್ರೆ ನಿಜವಾಗ್ಲೂ ಬಂದ ಹಾಗೆ."

ಅವತ್ತು ಒಂದು ಒಪ್ಪಂದವಾಯಿತು. ಡಬ್ಬಿಗಳಲ್ಲಿ ಎಲ್ಲಕ್ಕಿಂತ ಬಲಿತ ಸಬ್ಬಸಿಗೆ ಹೂ ಬಿಡುವವರೆಗೆ ಕಾಯುವುದು. ಅಷ್ಟರೊಳಗೆ ವಾಸನೆ ಬಂದರೆ ಸರಿ, ಬರದಿದ್ದರೆ ಪರೀಕ್ಷೆಗೆ ಮೊದಲೇ ಮಾಲೀಕರಿಗೆ ತಾವೇ ಹೇಳುವುದು, ಆ ಹುಡುಗಿಯ ತಲೆಗೆ ಏನೂ ಬರದ ಹಾಗೆ ನೋಡಿಕೊಳ್ಳುವುದು. ಒಪ್ಪಿದರು. ಒಪ್ಪುವಾಗ ನನ್ನ ಮುಖ ನೋಡಲಿಲ್ಲ, ಅದನ್ನು ನಾನು ಗಮನಿಸಿದೆ.

ಆಮೇಲೆ ನಮ್ಮ ಮನೆಯಲ್ಲಿ ದಿನಾ ಸಬ್ಬಸಿಗೆ. ಆಲೂಗಡ್ಡೆಗೆ, ಅನ್ನಕ್ಕೆ, ಮೊಸರಿಗೆ, ರೊಟ್ಟಿಯ ಹಿಟ್ಟಿಗೆ. ಬಾಗಿಲು ಕಿಟಕಿ ಮುಚ್ಚಿ ಬೇಯಿಸುತ್ತಿದ್ದೆ. ಅವರು ತಟ್ಟೆಯ ಮೇಲೆ ಬಗ್ಗಿ ಉಸಿರೆಳೆದು, ಇಲ್ಲ ಎಂದು ತಲೆಯಾಡಿಸಿ, ಕೊನೆಯ ತುತ್ತಿನವರೆಗೆ ಉಣ್ಣುತ್ತಿದ್ದರು. ಇಷ್ಟು ವರ್ಷ ಹಂಬಲಿಸಿದ ಸೊಪ್ಪನ್ನು ನಾನು ತಟ್ಟೆಯ ಅಂಚಿಗೆ ಸರಿಸಿಡುತ್ತಿದ್ದೆ. ಒಮ್ಮೆ, ಒಂದೇ ಒಮ್ಮೆ ತಟ್ಟೆ ತಳ್ಳಿ ನನ್ನನ್ನು ಬೈಯಲಿ ಎಂದು ಕಾದೆ.

ಡಬ್ಬಿಯಲ್ಲಿ ಗಿಡ ದಿಂಡು ಎತ್ತಿತು. ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಹಳದಿ ಮೊಗ್ಗು ಹರಡಿತು. ಅವರು ಬೆಳಗ್ಗೆ ಅದರ ಮುಂದೆ ನಿಲ್ಲುವುದು, ಮೊಗ್ಗನ್ನು ಬೆರಳಲ್ಲಿ ಮುಟ್ಟುವುದು ಪರದೆಯ ಹಿಂದಿನಿಂದ ಕಾಣುತ್ತಿತ್ತು. ಎರಡು ದಿನ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಏನೋ ಅಳೆಯುತ್ತಿದ್ದಾರೆ ಎನ್ನಿಸಿತು. ನಾನೂ ಟೇಪು ಹಿಡಿದೆ.

ಹೂ ಅರಳಿದ ದಿನ ಸಂಜೆ ಆಲೂಗಡ್ಡೆ ಬೇಯಿಸಿ, ಹಸಿರು ನೂಲಿನಂಥ ಎಲೆಗಳನ್ನು ಸಣ್ಣಗೆ ಹೆಚ್ಚಿ ಮೇಲೆ ಹಾಕಿ ತಂದಿಟ್ಟೆ. ತಟ್ಟೆಯ ಮೇಲೆ ಬಗ್ಗಿದರು. ಉಸಿರೆಳೆದರು. ಮುಖ ಕಿವುಚಿದರು, ಕಣ್ಣಲ್ಲಿ ನೀರು ಬರುವಷ್ಟು.

"ಥೂ, ಏನು ನಾತ. ಕಿಟಕಿ ತೆಗಿ."

ಆ ದನಿ ಹಳೆಯದೇ, ಆ ಸಿಡುಕೂ ಹಳೆಯದೇ. ನನ್ನ ಕಾಲು ತಾನಾಗಿ ಕಿಟಕಿಯ ಹತ್ತಿರ ಹೋಯಿತು. ಚಿಲಕ ತೆಗೆದೆ. ಬೆನ್ನು ತಿರುಗಿಸಿ ನಿಂತೇ ಕೇಳಿದೆ.

"ಬಂತಾ?"

"ಬಂತು. ಬರದೆ ಏನು, ಮೂಗು ಕಿತ್ಕೊಂಡು ಹೋಗ್ತಿದೆ."

ಊರಿಗೆಲ್ಲ ಮೂಗಾಗಿದ್ದ ಮನುಷ್ಯ ಕೊನೆಗೆ ನನ್ನ ಮೂಗಿಗೇ ತುಪ್ಪ ಸವರಿದರು. ನಾನು ಅಡುಗೆಮನೆಗೆ ಹೋಗಿ, ಸಂಜೆ ಕಿತ್ತ ಕ್ಯಾರೆಟ್ಟುಗಳನ್ನು ತಂದು ಅವರ ತಟ್ಟೆಯ ಪಕ್ಕ ಇಟ್ಟೆ. ಒಂದಕ್ಕೂ ತಲೆಯಲ್ಲಿ ಎಲೆ ಇರಲಿಲ್ಲ. ನೋಡಲು ಸಬ್ಬಸಿಗೆಯ ತದ್ರೂಪಾದ ಆ ಎಲೆಯೆಲ್ಲ ಅವರ ಆಲೂಗಡ್ಡೆಯ ಮೇಲಿತ್ತು. ಸಬ್ಬಸಿಗೆಯನ್ನು ಅವತ್ತು ನಾನು ಮುಟ್ಟಿರಲೇ ಇಲ್ಲ.

ಅವರು ಒಂದು ಕ್ಯಾರೆಟ್ ಎತ್ತಿಕೊಂಡು ಕತ್ತರಿಸಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ತಟ್ಟೆ ನೋಡಿದರು. ಮುಖ ಕಿವುಚಿದ್ದು ಹಾಗೇ ಸ್ವಲ್ಪ ಹೊತ್ತು ಉಳಿದಿತ್ತು, ಆಮೇಲೆ ಸಡಿಲವಾಯಿತು. ಅತ್ತರು. ಮದುವೆಯಾದ ಮೇಲೆ ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ.

"ನಾಳೆ ಮಾಲೀಕರಿಗೆ ಹೇಳ್ತೀನಿ. ಆ ಹುಡುಗಿನೇ ಇನ್ಮೇಲೆ ಮೂಗು ಅಂತ ಹೇಳ್ತೀನಿ," ಎಂದರು.

ವಾಸನೆ ಬಂತು ಎಂದು ಸುಳ್ಳು ಹೇಳಿದ್ದು ಕೆಲಸ ಉಳಿಸಿಕೊಳ್ಳುವುದಕ್ಕೋ, ನನ್ನ ಸಮಾಧಾನಕ್ಕೋ ಎಂದು ನಾಲಿಗೆಯ ತುದಿಗೆ ಬಂದಿತ್ತು. ಬೇರೆ ದಿನವಾಗಿದ್ದರೆ ಎರಡು ಸಲ ಕೇಳಿ, ಮೂರನೆಯ ಸಲ ಬೇರೆಯವರನ್ನು ವಿಚಾರಿಸುತ್ತಿದ್ದೆ. ಅವತ್ತು ಕೇಳಲಿಲ್ಲ. ಅವರು ತಟ್ಟೆ ಹತ್ತಿರ ಎಳೆದುಕೊಂಡು ಕ್ಯಾರೆಟ್ ಸೊಪ್ಪಿನ ಆಲೂಗಡ್ಡೆ ಉಣ್ಣತೊಡಗಿದರು, ಚೆನ್ನಾಗಿದೆ ಎಂದರು. ನಾನು ಎದ್ದು ಕಿಟಕಿ ಮುಚ್ಚಿದೆ.