ಕೊನೆಯ ಹದಿನಾರು ಪುಟ

ಹುಣಸೇಪಾಳ್ಯದ ಪಂಚಾಯಿತಿ ಗ್ರಂಥಾಲಯದಲ್ಲಿ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಪುಸ್ತಕಗಳಿವೆ. ಅಷ್ಟನ್ನೂ ಮೇಲ್ವಿಚಾರಕ ರವಿಚಂದ್ರ ಓದಿ ಮುಗಿಸಿದ್ದಾನೆ ಎಂದು ಊರಿನವರ ನಂಬಿಕೆ. ಹಾಗೆಂದು ಅವನು ಯಾರಿಗೂ ಹೇಳಿದವನಲ್ಲ. ಇಲ್ಲವೆಂದೂ ಹೇಳಿದವನಲ್ಲ. ಊರು ಹೊಗಳುತ್ತಿರುವಾಗ ನಡುವೆ ಬಾಯಿ ಹಾಕುವುದು ಮರ್ಯಾದಸ್ತರ ಲಕ್ಷಣವಲ್ಲ ನೋಡಿ.

ಹಾಗಂತ ಅವನನ್ನು ಸುಳ್ಳುಗಾರ ಅಂದರೆ ನಾಲಿಗೆಗೆ ಪಾಪ ತಟ್ಟೀತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅರ್ಧಕ್ಕರ್ಧ ಪುಸ್ತಕಗಳನ್ನು ಅವನು ನಿಜವಾಗಿಯೇ ಓದಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆದು, ಕಸ ಗುಡಿಸಿ, ಪೇಪರುಗಳಿಗೆ ಸೀಲು ಹೊಡೆದು, ಡೇರಿಗೆ ಹಾಲು ಹಾಕಿ ನೇರ ಇಲ್ಲಿಗೇ ಬರುವ ಮುದುಕ ಚಿಕ್ಕಬೀರಪ್ಪನ ಕೈಗೆ ಮೊದಲ ಪೇಪರು ಕೊಟ್ಟು, ಕುರ್ಚಿಯಲ್ಲಿ ಕೂತು ಪುಸ್ತಕ ಬಿಚ್ಚಿದನೆಂದರೆ ಮುಗಿಯಿತು. ಎಷ್ಟೋ ದಿನ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ವಾಪಸಾಗುತ್ತಿತ್ತು.

"ನಾಳೆಯಿಂದ ಡಬ್ಬಿಗೂ ಒಂದು ರಟ್ಟು ಹಾಕಿ, ಮೇಲೆ ಕಾದಂಬರಿ ಅಂತ ಬರ್ದು ಕಳಿಸ್ತೀನಿ. ಆಗ್ಲಾದ್ರೂ ತೆಗೀತೀರ" ಎಂದು ಹೆಂಡತಿ ಕವಿತ ಬೈಯುತ್ತಿದ್ದಳು.

ಇಂಥವನ ಜೀವನದಲ್ಲಿ ಇದ್ದದ್ದು ಒಂದೇ ಒಂದು ಕಪ್ಪುಚುಕ್ಕೆ. ಅದು ಏಳುನೂರ ಮೂವತ್ತಾರು ಪುಟದ ಒಂದು ಕಾದಂಬರಿ. ಹೆಸರು 'ನೂರೊಂದು ಹರದಾರಿ'.

ಹನ್ನೊಂದು ವರ್ಷದ ಹಿಂದೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಹೊರಡುವಾಗ ಸುಮ್ಮನೆ ಕೇಳಿದ್ದರು: "ಇಷ್ಟರಲ್ಲಿ ಭಾಳ ಒಳ್ಳೇ ಪುಸ್ತಕ ಯಾವುದ್ರಿ?" ಗಾಬರಿಯಲ್ಲಿದ್ದ ರವಿಚಂದ್ರನ ಕಣ್ಣಿಗೆ ಬಿದ್ದದ್ದು ಕಪಾಟಿನಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದು. "ನೂರೊಂದು ಹರದಾರಿ ಸಾರ್. ಮನುಷ್ಯ ಅಂತ ಹುಟ್ಟಿದ ಮೇಲೆ ಒಂದ್ಸಲ ಓದ್ಬೇಕು" ಅಂದುಬಿಟ್ಟ. ಆವತ್ತು ಅವನು ಅದರಲ್ಲಿ ಓದಿದ್ದು ಹನ್ನೆರಡು ಪುಟ, ಮತ್ತು ಹಿಂಬದಿ ರಟ್ಟಿನ ಮೇಲಿನ ನಾಲ್ಕು ಸಾಲು. ಹಾಳೂರಿಗೆ ಉಳಿದವನೇ ಗೌಡ ಎಂಬ ಹಾಗೆ, ಪ್ರಶ್ನಿಸುವವರಿಲ್ಲದ ಕಡೆ ಆ ಮಾತು ಬೆಳೆಯಿತು. ಶಾಲೆಯಲ್ಲಿ ಭಾಷಣಕ್ಕೆ ಕರೆದರೆ ನೂರೊಂದು ಹರದಾರಿ, ರಾಜ್ಯೋತ್ಸವಕ್ಕೆ ಕರೆದರೆ ನೂರೊಂದು ಹರದಾರಿ. ಅದರ ಗಾತ್ರಕ್ಕೆ ಹೆದರಿ ಒಬ್ಬರೂ ಎರವಲು ಪಡೆಯುತ್ತಿರಲಿಲ್ಲ. ಹೊಗಳುವುದಕ್ಕೆ ಅದರಷ್ಟು ಕ್ಷೇಮವಾದ ಪುಸ್ತಕ ಇನ್ನೊಂದಿರಲಿಲ್ಲ.

ಹೀಗಿರುವಾಗ ಅಕ್ಷತ ಬಂದಳು.

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಅವಳದು. ವಯಸ್ಸು ಇಪ್ಪತ್ತೆರಡು, ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಬಸ್ಸಿನಲ್ಲಿ.

"ಬೇಗ ಮುಗ್ದೋಗದ ಪುಸ್ತಕ ಕೊಡಿ ಸಾರ್" ಅಂದಳು. "ಸಣ್ಣದಾದ್ರೆ ವಾರ ತುಂಬೋಷ್ಟ್ರಲ್ಲಿ ಖಾಲಿ ಆಗ್ಬಿಡುತ್ತೆ."

ಅಭ್ಯಾಸಬಲ ಎಂಬುದು ದೊಡ್ಡದು. ರವಿಚಂದ್ರನ ಕೈ ತಾನಾಗಿಯೇ ಮೇಲಿನ ಕಪಾಟಿಗೆ ಹೋಯಿತು. "ತಗೋಮ್ಮ. ಮನುಷ್ಯ ಅಂತ ಹುಟ್ಟಿದ ಮೇಲೆ ಒಂದ್ಸಲ ಓದ್ಬೇಕು." ಅವಳು ರಿಜಿಸ್ಟರಿನಲ್ಲಿ ಸಹಿ ಹಾಕಿ, ಪುಸ್ತಕವನ್ನು ಮಗು ಎತ್ತಿಕೊಂಡ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಎರಡು ದಿನಕ್ಕೆ ವಾಪಸ್ ಬರುತ್ತೆ ಎಂದುಕೊಂಡ. ಪುಸ್ತಕ ಬರಲಿಲ್ಲ. ಮುಂದಿನ ಭಾನುವಾರ ಅವಳೇ ಬಂದಳು, ಕಣ್ಣು ಮಿನುಗಿಸುತ್ತ.

"ಸಾರ್, ಕೆಂಚಮ್ಮ ಹೊಳೆ ದಡದಲ್ಲಿ ಎತ್ತು, ಗಾಡಿ ಎರಡನ್ನೂ ಬಿಟ್ಬಿಟ್ಟು ನಡ್ಕೊಂಡೇ ಹೋದ್ಳಲ್ಲ, ಯಾಕೆ ಸಾರ್?"

ರವಿಚಂದ್ರ ಕಣ್ಣು ಪಿಳುಕಿಸಿದ. ಯಾವ ಕೆಂಚಮ್ಮ, ಯಾವ ಹೊಳೆ? ಆದರೂ ಹದಿನಾಲ್ಕು ವರ್ಷ ಮೇಜಿನ ಹಿಂದೆ ಕೂತವನು. ಕನ್ನಡಕ ತೆಗೆದು, ಒರೆಸಿ, ನಿಧಾನವಾಗಿ ಕೇಳಿದ: "ನಿನಗೇನನ್ನಿಸ್ತು ಹೇಳು."

ಆ ಒಂದು ಮಾತು ಅವನನ್ನು ಉಳಿಸಿತು. ಅಕ್ಷತ ಅರ್ಧ ಗಂಟೆ ಮಾತಾಡಿದಳು. ಚಿಕ್ಕಂದಿನಲ್ಲಿ ನಾಟಕ ಕಂಪನಿಯ ಹಿಂದೆ ಓಡಿಹೋದ ತಮ್ಮನನ್ನು ಹುಡುಕುತ್ತ ಊರೂರು ಅಲೆಯುವ ಅಕ್ಕ ಕೆಂಚಮ್ಮ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನ ಭಾನುವಾರವೂ. ಪ್ರತಿಸಲವೂ ಒಂದು ಪ್ರಶ್ನೆ, ಪ್ರತಿಸಲವೂ "ನಿನಗೇನನ್ನಿಸ್ತು?" ಬರಬರುತ್ತ ಚಿಕ್ಕಬೀರಪ್ಪನೂ ಪೇಪರು ಮಡಿಚಿಟ್ಟು ಕಿವಿಗೊಡುತ್ತಿದ್ದ. ವಿಚಿತ್ರವೆಂದರೆ ರವಿಚಂದ್ರನೂ ಭಾನುವಾರಕ್ಕಾಗಿ ಕಾಯತೊಡಗಿದ. ಕೆಂಚಮ್ಮ ಈ ವಾರ ಯಾವ ಊರು ಸೇರಿದಳೋ ಎಂಬ ಯೋಚನೆ ಊಟದ ನಡುವೆಯೂ ಬರುತ್ತಿತ್ತು. ಆ ಪುಸ್ತಕ ಹನ್ನೊಂದು ವರ್ಷ ಅವನ ಬೆನ್ನ ಹಿಂದೆಯೇ ಇತ್ತು. ಈಗ ಓದುವ ಹಸಿವು ಹತ್ತಿದೆ, ಪುಸ್ತಕ ಇನ್ನೊಬ್ಬರ ಕೈಲಿದೆ.

ಒಂದು ಭಾನುವಾರ ಈ ಮಾತುಕತೆ ನಡೆದಿರುವಾಗಲೇ ಪಂಚಾಯಿತಿ ಅಧ್ಯಕ್ಷೆ ಮುನಿರತ್ನಮ್ಮ ಒಳಗೆ ಬಂದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಏನಪ್ಪಾ ರವಿಚಂದ್ರ, ಇಷ್ಟು ಚೆಂದದ ಕತೇನ ನೀವು ಮೂರೇ ಜನ ಹಂಚ್ಕೊಂಡ್ರೆ ಹೆಂಗೆ? ಬರೋ ಶನಿವಾರ ಸಾಯಂಕಾಲ ಊರೋರ್ನೆಲ್ಲ ಸೇರ್ಸೋಣ. ಈ ಪುಸ್ತಕದ ಮೇಲೆ ನೀನೇ ಮಾತಾಡು. ಟೀ, ಬನ್ನು ನನ್ನ ಲೆಕ್ಕ."

"ಸಾರೇ ಮಾತಾಡ್ಬೇಕು" ಎಂದು ಅಕ್ಷತ ಚಪ್ಪಾಳೆ ತಟ್ಟಿದಳು.

ಚಿಕ್ಕಬೀರಪ್ಪನಿಗೆ ಶನಿವಾರದವರೆಗೆ ತಾಳ್ಮೆಯಿರಲಿಲ್ಲ. "ಅದಿರ್ಲಿ ಕಣೋ ರವಿ, ಕೊನೆಗೆ ಆ ತಮ್ಮ ಸಿಕ್ತಾನೋ ಇಲ್ವೋ, ಅದನ್ನೇಳು ಮೊದ್ಲು."

ಸುಮ್ಮನಿದ್ದಿದ್ದರೆ ಬದುಕುತ್ತಿದ್ದ. ಅಧ್ಯಕ್ಷರ ಮುಂದೆ ನಾಲಿಗೆ ನಿಲ್ಲಲಿಲ್ಲ. "ಸಿಗ್ದೆ ಏನು ಬೀರಣ್ಣ? ಕೊನೇ ಪುಟದಲ್ಲಿ ಅಕ್ಕ ತಮ್ಮ ತಬ್ಕೊಂಡು ಅಳೋದನ್ನ ಓದಿದ್ರೆ ಕಲ್ಲೂ ಕರಗ್ಬೇಕು. ನಾನಂತೂ ಎರಡು ಸಲ ಅತ್ಬಿಟ್ಟೆ."

ಅಕ್ಷತ ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ನಕ್ಕುಬಿಟ್ಟಳು.

ಅಲ್ಲಿಂದ ರವಿಚಂದ್ರನ ಪಾಡು ಹೇಳತೀರದು. ಹದಿನಾಲ್ಕು ವರ್ಷ ಉಳಿಸಿಕೊಂಡು ಬಂದದ್ದು ಅದೊಂದೇ ಹೆಸರು, ಓದಿದವನು ಎಂಬ ಹೆಸರು. ಅದು ಶನಿವಾರ ಸಾಯಂಕಾಲ ಟೀ ಬನ್ನಿನ ಜೊತೆ ಹರಾಜಾಗುವುದರಲ್ಲಿತ್ತು. ಪಕ್ಕದ ಹೋಬಳಿಯ ಗ್ರಂಥಾಲಯದ ಕೆಂಪರಾಜನಿಗೆ ಫೋನು ಮಾಡಿ, ಆ ಪುಸ್ತಕದ ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದ.

"ಪ್ರತಿ ಇಲ್ಲ ಗುರು. ಆದ್ರೆ ಎಂಥಾ ಪುಸ್ತಕ ಅದು! ಮಣ್ಣಿನ ವಾಸನೆಯ ಮಹಾಕಥನ!" ಅಂದ ಕೆಂಪರಾಜ.

ಅದು ಪುಸ್ತಕದ ಹಿಂಬದಿ ರಟ್ಟಿನ ಮೇಲಿದ್ದ ಮೊದಲನೇ ಸಾಲು. ಹಾವಿನ ಹೆಜ್ಜೆ ಹಾವೇ ಬಲ್ಲದು. ರವಿಚಂದ್ರ ಫೋನಿಟ್ಟ.

"ಆ ಹುಡುಗೀನೇ ಕೇಳ್ರಿ, ಎರಡು ದಿನಕ್ಕೆ ಕೊಡಮ್ಮ ಅಂತ" ಎಂದಳು, ರಾತ್ರಿ ಮನೆಯಲ್ಲಿ ಇವನ ಗೋಳು ಕೇಳಿದ ಕವಿತ.

"ಯಾಕೆ ಅಂದ್ರೆ ಏನು ಹೇಳ್ಲಿ?"

"ಓದಿಲ್ಲ ಅನ್ನಿ."

"ಅದೊಂದು ಬಿಟ್ಟು ಬೇರೆ ಹೇಳು."

ಕೇಳುವ ಪ್ರಮೇಯವೇ ಬರಲಿಲ್ಲ. ಮಂಗಳವಾರ ಶಿಫ್ಟ್ ಮುಗಿಸಿ ಬಂದ ಅಕ್ಷತ ತಾನಾಗಿಯೇ ಪುಸ್ತಕ ತಂದು ಮೇಜಿನ ಮೇಲಿಟ್ಟಳು. "ಮಾತಾಡ್ಬೇಕಲ್ವಾ ಸಾರ್, ಇನ್ನೊಂದ್ಸಲ ಕಣ್ಣಾಡಿಸ್ಕೊಳ್ಳಿ. ಆಮೇಲೆ ಇಸ್ಕೊತೀನಿ." ಆ 'ಇನ್ನೊಂದ್ಸಲ'ವನ್ನು ಅವಳು ತುಸು ಎಳೆದು ಹೇಳಿದಳೋ ಅಥವಾ ಅವನಿಗೇ ಹಾಗೆ ಕೇಳಿಸಿತೋ, ಹೇಳುವುದು ಕಷ್ಟ.

ಓದಿದ ಪುಣ್ಯಾತ್ಮ! ಮಂಗಳವಾರ ಸಂಜೆ ಕೂತವನು ಬುಧವಾರ ಓದಿದ, ಗುರುವಾರ ಓದಿದ. ಟೀ ಅಂಗಡಿಯ ಬೆಂಚಿನ ಮೇಲೆ ಓದಿದ, ಗ್ಯಾಸ್ ಸಿಲಿಂಡರಿನ ಕ್ಯೂನಲ್ಲಿ ನಿಂತು ಓದಿದ. ಕೆಂಚಮ್ಮ ಗಾಡಿ ಬಿಟ್ಟು ಹೊಳೆಗಿಳಿದ ಪುಟವನ್ನು ಎರಡು ಸಲ ಓದಿದ. ಅವಳು ಗಾಡಿ ಯಾಕೆ ಬಿಟ್ಟಳೆಂದು ಈಗ ಅವನಿಗೂ ಒಂದು ಅಭಿಪ್ರಾಯವಿತ್ತು. ಅಕ್ಷತಳದ್ದು ಪೂರ್ತಿ ಸರಿಯಲ್ಲ, ಭಾನುವಾರ ಸಿಕ್ಕಿದರೆ ವಾದ ಮಾಡಬೇಕು ಎಂದುಕೊಂಡ. ಎಷ್ಟೋ ವರ್ಷದ ಮೇಲೆ ಇಷ್ಟು ಖುಷಿಯಾಗಿ ಓದುತ್ತಿದ್ದೇನೆ ಎಂದು ಅನ್ನಿಸಿ ಒಬ್ಬನೇ ನಕ್ಕ. ಆ ಪುಸ್ತಕ ನಿಜಕ್ಕೂ ಅಷ್ಟು ಚೆನ್ನಾಗಿತ್ತು. ಗೊತ್ತಿಲ್ಲದೆ ಹನ್ನೊಂದು ವರ್ಷ ಸತ್ಯವನ್ನೇ ಹೇಳಿದ್ದ.

ಓದುತ್ತ ಓದುತ್ತ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಹದಿನಾರನೇ ಪುಟದಿಂದ ಆಚೆಗೆ ಹಾಳೆಗಳ ಅಂಚೆಲ್ಲ ಒರಟು ಒರಟು. ಓದುವ ಭರದಲ್ಲಿ ಅದನ್ನವನು ಅಷ್ಟಾಗಿ ಗಮನಿಸಲಿಲ್ಲ. ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತು ಏಳುನೂರ ಇಪ್ಪತ್ತನೇ ಪುಟ ಮುಗಿಸಿ ಮಗುಚಿದರೆ, ಮುಂದಿನ ಹಾಳೆ ಮಗುಚಲೇ ಇಲ್ಲ. ಕೊನೆಯ ಹದಿನಾರು ಪುಟಗಳ ಅಂಚು ಒಂದಕ್ಕೊಂದು ಕೂಡಿಕೊಂಡಿತ್ತು. ದೊಡ್ಡ ಹಾಳೆಯನ್ನು ಮಡಿಸಿ ಹೊಲಿದ ಮೇಲೆ ಮಡಿಕೆ ಕತ್ತರಿಸಬೇಕಲ್ಲ, ಬೈಂಡಿಂಗಿನವರು ಈ ಪ್ರತಿಯಲ್ಲಿ ಕತ್ತರಿಸದೇ ಬಿಟ್ಟಿದ್ದರು. ಹೊರಗೆ ಕಾಣುತ್ತಿದ್ದದ್ದು ಮೊದಲ ಪುಟ, ಮತ್ತೆ ಕೊನೆಯಲ್ಲಿ ಪ್ರಕಾಶಕರ ಜಾಹೀರಾತು ಮಾತ್ರ.

ರವಿಚಂದ್ರ ಹಾಳೆಗಳನ್ನು ಹಿಂದಕ್ಕೆ ಮಗುಚಿ ನೋಡಿದ. ಹಾಗಾದರೆ ಆ ಒರಟು ಅಂಚುಗಳು? ಮೊದಲ ಹದಿನಾರು ಪುಟ ಬಿಟ್ಟರೆ ಪುಸ್ತಕ ಪೂರ್ತಿ ಹೀಗೇ ಮುಚ್ಚಿಕೊಂಡಿತ್ತು, ಅಕ್ಷತ ಒಂದೊಂದೇ ಮಡಿಕೆ ಸೀಳಿಕೊಂಡು ಓದಿದ್ದಾಳೆ. ಅಂದರೆ ತಾನು ಓದಿಲ್ಲವೆಂದು ಅವಳಿಗೆ ಮೊದಲ ದಿನದಿಂದಲೂ ಗೊತ್ತು. ಅದರ ಮೇಲೆ, ಯಾರೂ ತೆರೆಯದ ಕೊನೇ ಪುಟ ಓದಿ ಎರಡು ಸಲ ಅತ್ತೆನೆಂದು ಅವಳ ಎದುರಿಗೇ ಹೇಳಿದ್ದಾನೆ!

ಮೇಜಿನ ಡ್ರಾಯರಿನಲ್ಲಿ ಕತ್ತರಿಯಿತ್ತು. ಹತ್ತು ನಿಮಿಷದ ಕೆಲಸ. ಸೀಳಿ ಓದಿದರೆ ಸಂಜೆ ಧೈರ್ಯವಾಗಿ ಮಾತಾಡಬಹುದು, ಅವಳೊಬ್ಬಳು ಬಾಯಿಬಿಡದಿದ್ದರೆ ಆಯಿತು. ಕತ್ತರಿ ಕೈಗೆತ್ತಿಕೊಂಡ. ಮಡಿಕೆಯೊಳಗೆ ಇಣುಕಿದರೆ ಅರ್ಧ ಸಾಲು ಕಂಡಿತು: 'ಕೆಂಚಮ್ಮ ಬಾಗಿಲಲ್ಲೇ ನಿಂತು...' ಮುಂದಿನ ಸಾಲಿಗೆ ಜೀವ ಹಾತೊರೆಯಿತು. ಆದರೆ ಏಳುನೂರು ಪುಟ ಸೀಳಿದ ಹುಡುಗಿ ಇಷ್ಟನ್ನು ಮಾತ್ರ ಯಾಕೆ ಬಿಟ್ಟಳು? ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಅವಳು ಬಿಟ್ಟದ್ದನ್ನು ತಾನು ಕದ್ದು ಓದುವುದು ಅವನಿಂದಾಗಲಿಲ್ಲ. ಕತ್ತರಿಯನ್ನು ಡ್ರಾಯರಿಗೆ ಹಾಕಿ ಜೋರಾಗಿ ಮುಚ್ಚಿದ.

ಸಂಜೆ ಐದಕ್ಕೆ ಮೂವತ್ತು ಜನ ಸೇರಿದರು. ಮುನಿರತ್ನಮ್ಮ ಮುಂದಿನ ಕುರ್ಚಿಯಲ್ಲಿ, ಕವಿತ ಹೆಂಗಸರ ನಡುವೆ, ಅಕ್ಷತ ಕಿಟಕಿ ಪಕ್ಕದಲ್ಲಿ. ರವಿಚಂದ್ರ ಎದ್ದು ನಿಂತ.

"ಎಲ್ಲರಿಗೂ ನಮಸ್ಕಾರ. ಈ ಪುಸ್ತಕಾನ ಹನ್ನೊಂದು ವರ್ಷದಿಂದ ಹೊಗಳ್ತಿದ್ದೀನಿ. ಓದಿದ್ದು ಮಾತ್ರ ಈ ಮಂಗಳವಾರದಿಂದ. ಕೊನೇದು ಇನ್ನೂ ಓದಿಲ್ಲ. ಬೀರಣ್ಣ, ಅಕ್ಕ ತಮ್ಮ ತಬ್ಕೊಂಡು ಅತ್ರು ಅಂದ್ನಲ್ಲ, ಅದು ನಾನು ಕಟ್ಟಿದ್ದು."

ಚಿಕ್ಕಬೀರಪ್ಪ ತೊಡೆ ತಟ್ಟಿಕೊಂಡ. "ಲೇ ನಿನ್ನ! ಆ ಕತೆ ಕೇಳಿ ನಾನು ಡೇರಿಲಿ ನಾಲ್ಕು ಜನಕ್ಕೆ ಹೇಳಿ ಅಳ್ಸಿದ್ದೀನಲ್ಲೋ!"

ಇಡೀ ಕೋಣೆ ಗೊಳ್ಳೆಂದಿತು. ಮುನಿರತ್ನಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಿಕ್ಕ ಎರಡು ಸಾವಿರ ಪುಸ್ತಕದ ಸಂಗತಿಯನ್ನೂ ಈಗಲೇ ಹೇಳಿಬಿಡಲೇ ಎಂದು ರವಿಚಂದ್ರ ಬಾಯಿ ತೆರೆಯುತ್ತಿದ್ದ, ಕವಿತ ಕಣ್ಸನ್ನೆಯಲ್ಲೇ ತಡೆದಳು. ಎಲ್ಲ ಗಂಟನ್ನೂ ಒಂದೇ ದಿನ ಬಿಚ್ಚಬಾರದು.

ನಗು ಇಳಿದ ಮೇಲೆ ಅವನು ಅಕ್ಷತಳ ಕಡೆ ತಿರುಗಿದ. "ನಿನಗೆ ಮೊದಲಿಂದ್ಲೂ ಗೊತ್ತಿತ್ತಲ್ಲಮ್ಮ. ಯಾಕೆ ಹೇಳ್ಲಿಲ್ಲ?"

ಅಕ್ಷತ ಎದ್ದು ನಿಂತು ಕೊರಳಿನ ಐಡಿ ಕಾರ್ಡನ್ನು ಬೆರಳಲ್ಲಿ ತಿರುಗಿಸಿದಳು. "ಇದರಲ್ಲೇ ಸೀಳ್ಕೊಂಡು ಓದ್ದೆ ಸಾರ್. ಮೊದಲ್ನೇ ದಿನ ನಗು ಬಂತು. ಆದ್ರೆ ಮನೇಲಿ ಓದೋರು ಯಾರೂ ಇಲ್ಲ, ಬಸ್ಸಲ್ಲಿ ಎಲ್ರೂ ಮೊಬೈಲ್ ನೋಡ್ತಾರೆ. ಓದಿದ್ಮೇಲೆ ಮಾತಾಡೋಕೆ ಒಬ್ರು ಬೇಕಲ್ವಾ? ನೀವು ಓದ್ದೆ ಇದ್ರೂ ಪೂರ್ತಿ ಕೇಳಿಸ್ಕೊತಿದ್ರಿ. ಕೊನೇದು ಮಾತ್ರ ಒಬ್ಳೇ ಓದೋಕೆ ಮನಸ್ಸಾಗ್ಲಿಲ್ಲ. ನೀವೂ ಅಲ್ಲಿವರೆಗೆ ಬರ್ಬೇಕು ಅಂತ ಬಿಟ್ಟೆ."

ರವಿಚಂದ್ರನ ಕಣ್ಣು ಒದ್ದೆಯಾಯಿತು. ಸರ್ಟಿಫಿಕೇಟು, ಶಾಲು, ಹಾರ ಎಲ್ಲ ಕಂಡವನು. ಯಾವುದೂ ಅವನಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ. ತನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದ.

ಅಕ್ಷತ ಬಂದು ಕೂತು, ಐಡಿ ಕಾರ್ಡಿನ ಅಂಚಿನಿಂದ ಮಡಿಕೆಗಳನ್ನು ಒಂದೊಂದಾಗಿ ಸೀಳಿದಳು. ಇಬ್ಬರೂ ಮೇಜಿನ ಮೇಲೆ ಬಾಗಿ ಓದತೊಡಗಿದರು. ಮೂವತ್ತು ಜನ ಬನ್ನು ತಿನ್ನುತ್ತ ಅವರ ಮುಖಗಳನ್ನೇ ನೋಡುತ್ತ ಕೂತರು. ಹುಬ್ಬು ಏರಿದರೆ ಇಲ್ಲಿ ಗುಸುಗುಸು, ತುಟಿ ಕಚ್ಚಿದರೆ ಅಲ್ಲಿ ಗುಸುಗುಸು. ಒಂದು ಪುಟದಲ್ಲಿ ಅಕ್ಷತ "ಅಯ್ಯೋ" ಅಂದಳು. ಇನ್ನೊಂದು ಪುಟದಲ್ಲಿ ರವಿಚಂದ್ರ ಕನ್ನಡಕ ತೆಗೆದು ಒರೆಸಿದ, ಈ ಸಲ ನಿಜವಾಗಿಯೂ ಬೇಕಾಗಿತ್ತು. ಕೊನೆಯ ಪುಟ ಮುಗಿದಾಗ ಇಬ್ಬರೂ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿ ನಕ್ಕರು.

"ಸಿಕ್ಕಿದ್ನೇನ್ರೋ ತಮ್ಮ?" ಎಂದು ಚಿಕ್ಕಬೀರಪ್ಪ ಎದ್ದೇ ನಿಂತ.

ರವಿಚಂದ್ರ ಪುಸ್ತಕ ಮುಚ್ಚಿ, ರಿಜಿಸ್ಟರ್ ತೆರೆದು, ಪೆನ್ನನ್ನು ಅವನತ್ತ ಚಾಚಿದ. "ಸಹಿ ಹಾಕಿ ತಗೊಂಡೋಗಿ ಓದು ಬೀರಣ್ಣ."

"ನಲವತ್ತು ವರ್ಷದಿಂದ ಪೇಪರು ಬಿಟ್ಟು ಬೇರೆ ಓದಿಲ್ಲ ಕಣೋ ನಾನು!"

"ಸಹಿ ಹಾಕು."

ಗೊಣಗುತ್ತಲೇ ಸಹಿ ಹಾಕಿದ. ಅವನ ಹಿಂದೆ ಆರು ಜನ ಹೆಸರು ಬರೆಸಿದರು, ಅದರಲ್ಲಿ ಮುನಿರತ್ನಮ್ಮನವರೂ ಒಬ್ಬರು.

ಒಂದು ವಾರ ಕಳೆಯಿತು. ಬೆಳಿಗ್ಗೆ ಒಂಬತ್ತಕ್ಕೆ ರವಿಚಂದ್ರ ಬೀಗ ತೆಗೆಯುವ ಮೊದಲೇ ಚಿಕ್ಕಬೀರಪ್ಪ ಹಾಲಿನ ಕ್ಯಾನು ಪಕ್ಕಕ್ಕಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ತೊಡೆಯ ಮೇಲೆ ಪುಸ್ತಕ, ನಡುವೆ ಗುರುತಿಗೆ ಡೇರಿಯ ಚೀಟಿ. ಪೇಪರು ಕೇಳಲೇ ಇಲ್ಲ.

"ಲೋ ರವಿ, ಆ ಕೆಂಚಮ್ಮ ಬಂಗಾರದಂಥ ಎತ್ತು, ಗಾಡಿ ಹೊಳೆ ದಡದಲ್ಲಿ ಬಿಟ್ಬಿಟ್ಟು ಹೋದ್ಳಲ್ಲ, ಯಾಕೋ?"

ರವಿಚಂದ್ರನಿಗೆ ಉತ್ತರ ಗೊತ್ತಿತ್ತು, ಹೇಳುವುದಕ್ಕೆ ಬೇಕಾದಷ್ಟಿತ್ತು. ಬೀಗದ ಕೈ ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕೂತ.

"ನಿನಗೇನನ್ನಿಸ್ತು ಬೀರಣ್ಣ, ಮೊದ್ಲು ಅದನ್ನ ಹೇಳು."