ಮುಚ್ಚಳದ ಮೇಲೆ ಬೋರಲು ಸೌಟು

ಒಂದು ವಿಷಯ ಮುಗಿದು, ಇನ್ನು ಅದರಲ್ಲಿ ಯಾರೂ ಕೈಯಾಡಿಸುವಂತಿಲ್ಲ ಎಂದಾದರೆ ಆ ಊರಿನ ಜನ 'ಸೌಟು ಬೋರಲಾಯ್ತು' ಅನ್ನುತ್ತಾರೆ. ಕೋರ್ಟಿನಿಂದ ಹೊರಬಂದ ವಕೀಲರೂ ಅನ್ನುತ್ತಾರೆ, ಸಂಬಂಧ ಮುರಿದುಕೊಂಡು ಬಂದ ಬೀಗರೂ ಅನ್ನುತ್ತಾರೆ. ಆ ಮಾತು ಹುಟ್ಟಿದ್ದು ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ, ಹುಟ್ಟಿಸಿದವರು ಒಗ್ಗರಣೆಯಮ್ಮ ಮತ್ತು ಅವಳ ಗಂಡ. ಅದು ಮಾತ್ರ ಯಾರಿಗೂ ನೆನಪಿಲ್ಲ.

ಯಾರು ಏನೇ ಮಾತಾಡಲಿ, ನಡುವೆ ತನ್ನದೊಂದು ಒಗ್ಗರಣೆ ಹಾಕದೆ ಇರಲಾರದವಳಿಗೆ ಬೇರೆ ಯಾವ ಹೆಸರು ತಾನೆ ಅಂಟೀತು? ಮದುವೆಯ ಹೊಸತರಲ್ಲಿ ಇಬ್ಬರೂ ಅಲ್ಲಿ ಅಡುಗೆಗೆ ಸೇರಿದ್ದರು. ಒಂದು ದಿನ ಸಾರಿಗೆ ಗಂಡ ಉಪ್ಪು ಹಾಕಿದ. ಅವನು ಮರೆತಿರಬೇಕು ಎಂದುಕೊಂಡು ಇವಳೂ ಹಾಕಿದಳು. ಇಡೀ ಪಾಳಿ ತಟ್ಟೆ ಬಿಟ್ಟು ಎದ್ದುಹೋಯಿತು. ಹಸಿದವರು ಹಾಗೇ ಯಂತ್ರದ ಮುಂದೆ ನಿಂತದ್ದನ್ನು ಇಬ್ಬರೂ ನೋಡಿದರು. ಅಂದೇ ಕಟ್ಟುಪಾಡು ಮಾಡಿಕೊಂಡರು: ಉಪ್ಪು ಹಾಕಿದವರು ಪಾತ್ರೆ ಮುಚ್ಚಿ, ಮುಚ್ಚಳದ ಮೇಲೆ ಸೌಟು ಬೋರಲು ಇಡಬೇಕು. ಆಮೇಲೆ ಇನ್ನೊಬ್ಬರು ಅದಕ್ಕೆ ಏನನ್ನೂ ಹಾಕುವಂತಿಲ್ಲ.

ಮನೆಯಲ್ಲಿ ಅದು ಆಟವಾಯಿತು. ಅವಳು ತಲೆ ತಿನ್ನತೊಡಗಿದರೆ ಅವನು ತಟ್ಟೆಯ ಪಕ್ಕದಲ್ಲಿ ಚಮಚವನ್ನು ಬೋರಲು ಹಾಕಿ ಸುಮ್ಮನಾಗುತ್ತಿದ್ದ. ಮನೆಯಲ್ಲಿ ಅವನ ಬೇಳೆ ಬೇಯಬೇಕಲ್ಲ! ಅವಳು ಚಮಚವನ್ನು ಅಂಗಾತ ತಿರುಗಿಸಿ ಮಾತು ಮುಂದುವರಿಸುತ್ತಿದ್ದಳು. ಕ್ಯಾಂಟೀನಿನ ಸೌಟನ್ನು ಮಾತ್ರ ಅವಳು ಒಮ್ಮೆಯೂ ತಿರುಗಿಸಿದವಳಲ್ಲ.

ಈಗ ಅವನು ಆಸ್ಪತ್ರೆಯ ಮಂಚದ ಮೇಲಿದ್ದಾನೆ. ಬಲಗೈ ಸತ್ತಿದೆ, ಮಾತು ನಿಂತಿದೆ. ತಲೆಗೆ ಒಂದು ಆಪರೇಷನ್ ಆಗಿದೆ. ಇನ್ನೊಂದು ಮಾಡಬಹುದು, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ ಡಾಕ್ಟರು. ಇವತ್ತು ಉತ್ತರ ಕೊಡಬೇಕು.

"ಅಮ್ಮ, ಅಪ್ಪಂಗೆ ಎಲ್ಲಾ ಅರ್ಥ ಆಗತ್ತೆ. ಅವರನ್ನೇ ಒಂದ್ಸಲ ಕೇಳು," ಎಂದಳು ಮಗಳು.

"ಕೇಳೋದೇನಿದೆ? ಮಾಡಿಸೋದೇ," ಎಂದಳು ಒಗ್ಗರಣೆಯಮ್ಮ. ಗಂಜಿಯ ಡಬ್ಬಿ ತೆರೆದು ಗಂಡನಿಗೆ ಕುಡಿಸುತ್ತಾ ಕೂತಳು. "ಇನ್ನೊಂದೇ ಒಂದು ಸಲ ರೀ. ಹಟ ಮಾಡ್ತಿದೀನಿ, ಹೊಟ್ಟೆಗೆ ಹಾಕ್ಕೊಳ್ಳಿ. ನೀವಿಲ್ಲದ ಮನೇಲಿ ನಾನು ಯಾರ ತಲೆ ತಿನ್ಲಿ?"

ಅವನು ಎಡಗೈ ಚಾಚಿ ಅವಳಿಂದ ಚಮಚ ತೆಗೆದುಕೊಂಡ. ಡಬ್ಬಿಯ ಪಕ್ಕ ಅದನ್ನು ಬೋರಲು ಹಾಕಿದ.

ಅವಳಿಗೆ ಅಳುವಿನ ನಡುವೆಯೂ ನಗು ಬಂತು. "ನಿಮ್ಮ ಈ ಬುದ್ಧಿ ಹೋಗಲಿಲ್ಲ ನೋಡಿ!" ಎಂದು ಎಂದಿನಂತೆ ಅಂಗಾತ ತಿರುಗಿಸಿದಳು.

ಅವನು ನಗಲಿಲ್ಲ. ಹಾಸಿಗೆಯ ಮೇಲಿದ್ದ ಮುಚ್ಚಳಕ್ಕಾಗಿ ತಡಕಾಡಿದ. ಮಗಳು ನೆರವಿಗೆ ಬಂದರೆ ಕಣ್ಣಲ್ಲೇ ಬೇಡವೆಂದ. ಮುಚ್ಚಳವನ್ನು ಎಳೆದು ಡಬ್ಬಿಯ ಮೇಲಿಟ್ಟು ಅಂಗೈಯಿಂದ ಒತ್ತಿದ. ಚಮಚವನ್ನು ಎತ್ತಿ, ಆ ಮುಚ್ಚಳದ ಮೇಲೆ, ನಟ್ಟನಡುವೆ, ಬೋರಲು ಇಟ್ಟ.

ಅವಳ ಕೈ ಅಷ್ಟರಲ್ಲೇ ಮುಂದೆ ಹೋಗಿತ್ತು. ಅರ್ಧದಲ್ಲಿ ನಿಂತಿತು. ಇದು ಮನೆಯ ಆಟವಲ್ಲ, ಕ್ಯಾಂಟೀನಿನ ಕಟ್ಟುಪಾಡು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಡಾಕ್ಟರು ಬಂದರು. "ಏನು ತೀರ್ಮಾನ ಮಾಡಿದ್ರಿ ಅಮ್ಮಾ?"

"ಸೌಟು ಬೋರಲಾಯ್ತು ಡಾಕ್ಟ್ರೇ," ಎಂದಳು. ಜೀವಮಾನದಲ್ಲಿ ಮೊದಲ ಸಲ ಅದಕ್ಕೊಂದು ಒಗ್ಗರಣೆ ಹಾಕಲಿಲ್ಲ.

ಆ ಊರಿನವರೇ ಆದ ಡಾಕ್ಟರಿಗೆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆಯಾಡಿಸಿ, ರೋಗಿಯ ಭುಜ ಮುಟ್ಟಿ ಹೊರಗೆ ಹೋದರು.

ಒಗ್ಗರಣೆಯಮ್ಮ ಗಂಡನ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು.

"ಉಪ್ಪು ಸರಿಯಾಗಿತ್ತೇನ್ರೀ?" ಎಂದು ಕೇಳಿದಳು.

ಅವನು ಅವಳ ಬೆರಳುಗಳನ್ನು ಒತ್ತಿದ.