ಟ್ಯಾನ್ಸಿಯ ಅಪ್ಪನ ಪರಿಚಯ

ಮೂರು ವರ್ಷದಿಂದ ಮಗಳನ್ನು ಹುಡುಕುತ್ತಿದ್ದ ರಾಯ್ಸ್ ಮ್ಯಾಡಕ್ಸ್ ಅಲಬಾಮಾದ ಆ ಪುಟ್ಟ ಊರಿಗೆ ಬಂದಾಗ ಬೆಳಗಿನ ಏಳು ಗಂಟೆ. ಹತ್ತಿ ಗಿರಣಿಯ ಎದುರಿಗಿದ್ದ ಸಣ್ಣ ಹೋಟೆಲು ಆಗಲೇ ತುಂಬಿತ್ತು. ಅವನು ಬಾಗಿಲಲ್ಲಿ ಹಿಂದೆಮುಂದೆ ನೋಡುತ್ತಿದ್ದಾಗ ಮೂಲೆಯ ಮೇಜಿನ ಮುದುಕನೊಬ್ಬ ಪಕ್ಕಕ್ಕೆ ಸರಿದು ಕುರ್ಚಿ ಎಳೆದ.

“ಬನ್ನಿ, ಇಲ್ಲೇ ಕೂತ್ಕೊಳಿ. ನನ್ನ ಹೆಸರು ಹಾಯ್ಟ್. ಹೆದರ್ಬೇಡಿ, ಕಚ್ಚೋಕೆ ಹಲ್ಲೇ ಉಳಿದಿಲ್ಲ.”

ಹೋಟೆಲಿನ ಒಡತಿ ಅರ್ಲೀನ್ ಕೇಳದೆಯೇ ಕಾಫಿ ಸುರಿದಳು. “ಹಲ್ಲಿಲ್ದಿದ್ರೂ ನಾಲಿಗೆ ಇದೆಯಲ್ಲ ಇವನಿಗೆ. ಮೊಟ್ಟೆ ಹೇಗೆ ಮಾಡ್ಲಿ, ಚಿನ್ನಾ?”

ಮೊಟ್ಟೆ, ಬೆಣ್ಣೆ ಹಾಕಿದ ಮೆಕ್ಕೆಜೋಳದ ಗಂಜಿ, ಬಿಸಿ ಬನ್ನು ಬಂದವು. ಯಾವೂರು, ರಸ್ತೆ ಹೇಗಿತ್ತು ಎಂದು ಸುತ್ತಲಿನವರೆಲ್ಲ ವಿಚಾರಿಸಿದರು. ಹೀಗೆ ನಾಲ್ಕು ಜನರ ನಡುವೆ ಕೂತು ಉಂಡು ಎಷ್ಟು ಕಾಲವಾಗಿತ್ತೋ. ರಾಯ್ಸ್ ಧೈರ್ಯ ತಂದುಕೊಂಡು ಜೇಬಿನಿಂದ ಮಗಳ ಫೋಟೋ ತೆಗೆದ.

“ಈ ಹುಡುಗೀನ ಎಲ್ಲಾದ್ರೂ ನೋಡಿದೀರಾ?”

ಫೋಟೋ ಕೈಯಿಂದ ಕೈಗೆ ಹೋಯಿತು. ಅರ್ಲೀನ್ ಎದುರಿನ ಕುರ್ಚಿಯಲ್ಲಿ ಕುಸಿದಳು.

“ನಮ್ಮ ಟ್ಯಾನ್ಸಿ. ಎರಡು ವರ್ಷ ಇಲ್ಲೇ ಬಡಿಸ್ತಿದ್ಲು. ಹೋದ ಫೆಬ್ರವರೀಲಿ ನ್ಯುಮೋನಿಯಾ ಬಂತು. ನಾಲ್ಕೇ ದಿನ.”

“ಊರೆಲ್ಲ ಸೇರಿ ಮಣ್ಣು ಮಾಡಿದ್ವಿ,” ಎಂದ ಹಾಯ್ಟ್. “ಪಾಪ, ಅಪ್ಪ ಅಮ್ಮ ಇಬ್ರೂ ಸತ್ತೋಗಿದಾರೆ ಅಂತಿದ್ಲು. ನೀವು ಅವಳಿಗೆ ಏನಾಗ್ಬೇಕು?”

ಅಮ್ಮ ಸತ್ತದ್ದು ನಿಜ. ತನಗೆ ಬೇಡವಾದ ಹುಡುಗನನ್ನು ಮೆಚ್ಚಿದಳೆಂದು ರಾಯ್ಸ್ ಅವಳ ಬಟ್ಟೆಬರೆ ಅಂಗಳಕ್ಕೆಸೆದು, “ಇವತ್ತಿಗೆ ನಿನ್ನ ಪಾಲಿಗೆ ನಾನು ಸತ್ತೆ” ಎಂದಿದ್ದ. ಹುಡುಗಿ ಅಪ್ಪನ ಮಾತು ಪಾಲಿಸಿದ್ದಳು.

“ಅವಳ ಅಪ್ಪನ ಪರಿಚಯ ಇತ್ತು,” ಎಂದ.

“ಒಳ್ಳೆ ಮನುಷ್ಯನಾ?” ಅರ್ಲೀನ್ ಕೇಳಿದಳು.

“ಅಲ್ಲ.”

“ಸತ್ತೋರನ್ನ ಹಾಗನ್ಬಾರ್ದು ಕಣಪ್ಪಾ,” ಹಾಯ್ಟ್ ಮೆಲ್ಲಗೆ ಹೇಳಿದ. “ಅವಳು ಒಂದು ದಿನಾನೂ ಅಪ್ಪನ್ನ ಬೈದದ್ದು ನಾವು ಕೇಳಿಲ್ಲ.”

ಅರ್ಲೀನ್ ಅವನ ಕೈಮೇಲೆ ಕೈಯಿಟ್ಟಳು. ಆ ಕೈಯನ್ನು ತಡೆದುಕೊಳ್ಳಲಾಗದೆ ಅವನು ಎದ್ದ.

ಹಾಯ್ಟ್ ಅವನನ್ನು ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದೊಯ್ದು, ಗೋರಿ ತೋರಿಸಿ, ಒಬ್ಬನನ್ನೇ ಬಿಟ್ಟು ಬಂದ. ಕಲ್ಲಿನ ಮೇಲೆ ಟ್ಯಾನ್ಸಿಯ ಹೆಸರಿನ ಮುಂದೆ ಅವಳ ತಾಯಿಯ ಮನೆತನದ ಹೆಸರಿತ್ತು. “ಮಗಳೇ” ಎನ್ನಲು ನೋಡಿದ, ನಾಲಿಗೆ ಹೊರಳಲಿಲ್ಲ. ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದ. ಆಮೇಲೆ ಹೆದ್ದಾರಿಯವರೆಗೆ ಬಂದು, ಯಾವ ಕಡೆ ತಿರುಗಬೇಕೆಂದು ತಿಳಿಯದೆ ತನ್ನ ಕಾರು ನಿಲ್ಲಿಸಿದ. ಇಷ್ಟು ದಿನ ಹುಡುಕಲಿಕ್ಕೆ ಇನ್ನೊಂದು ಊರಾದರೂ ಉಳಿದಿರುತ್ತಿತ್ತು.